ತೊಡಕಿನ ದಿನದ ಕೆಂಡ

ನಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು ಎಂದು ಯಾರಾದರೂ ಕೇಳಿದರೆ, ಅವ್ವ ಎಲ್ಲೆಲ್ಲಿ ಏಟು ತಿಂದಳು ಎಂಬುದನ್ನು ನೆನೆದುಕೊಂಡು ಹೇಳುತ್ತೇನೆ. ನಡುಮನೆ, ಅಲ್ಲಿ ಕಂಬಕ್ಕೆ ಅವಳ ತಲೆ ಬಡಿದಿತ್ತು. ಅಡುಗೆಮನೆ, ಅಲ್ಲಿ ಎಸರಿನ ಮಡಕೆ ಅವಳ ಬೆನ್ನ ಮೇಲೆ ಒಡೆದಿತ್ತು. ಆಮೇಲೆ ಬಚ್ಚಲು, ಕೊಟ್ಟಿಗೆ, ಹಿತ್ತಲು. ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆ ಇಟ್ಟಿದ್ದ ಕತ್ತಲೆ ಕೋಣೆಯೊಂದು ಮಾತ್ರ ಉಳಿದಿತ್ತು. ಅದೂ ಅಪ್ಪನಿಗೆ ಅಲ್ಲಿ ತೋಳು ಬೀಸಲು ಜಾಗ ಸಾಲುತ್ತಿರಲಿಲ್ಲ ಎಂಬ ಕಾರಣಕ್ಕೆ. ಅಪ್ಪ ಹೊಸಿಲು ದಾಟುವಾಗ ಕೆಮ್ಮುವ ರೀತಿಯಲ್ಲೇ ನನಗೆ ಅವತ್ತಿನ ಗತಿ ತಿಳಿಯುತ್ತಿತ್ತು. ಕೆಮ್ಮು ಗಟ್ಟಿಯಾಗಿದ್ದರೆ ಆ ಕೋಣೆಗೆ ನುಗ್ಗಿ ವಾಡೆಯ ಹಿಂದೆ ಮೊಣಕಾಲು ಅವುಚಿಕೊಂಡು ಕೂತುಬಿಡುತ್ತಿದ್ದೆ. ಹಳೇ ಕೆಂಗೇರಿಯ ಆ ಮಣ್ಣುಗೋಡೆಯ ಮನೆ ಬಿದ್ದುಹೋದಾಗ ಊರಿನವರೆಲ್ಲ ಅಯ್ಯೋ ಪಾಪ ಎಂದರು. ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಹಾಳಾಗಿ ಹೋಗಲಿ ಅಂದೆ.

ಅಪ್ಪನಿಗೆ ಹೊಡೆಯಲು ಕುಡಿತ ಬೇಕಿರಲಿಲ್ಲ. ಈಗಲೂ ನಮ್ಮ ನೆಂಟರು ಅವನನ್ನು ಉಳಿಸಿಕೊಳ್ಳಲು ಹೆಂಡದ ಮೇಲೆ ತಪ್ಪು ಹೊರಿಸುತ್ತಾರೆ. ಶುದ್ಧ ಸುಳ್ಳು. ಅವನು ಹೆಂಡ ಮುಟ್ಟಿದವನಲ್ಲ. ಮುದ್ದೆಯಲ್ಲಿ ಒಂದು ಗಂಟು ಸಿಕ್ಕರೆ ಸಾಕು, ಎತ್ತು ಕಣ್ಣಿ ಬಿಚ್ಚಿಕೊಂಡರೆ ಸಾಕು, ಮಾತಿಗೆ ಅವ್ವ ಉತ್ತರ ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವನ ತಾಯಿ, ನಮ್ಮ ಅಜ್ಜಿ, ನಡುಮನೆಯ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿರುತ್ತಿದ್ದಳು. ಹೊಡೆತ ಶುರುವಾದರೆ ಕುಟ್ಟುವುದನ್ನು ನಿಲ್ಲಿಸುತ್ತಿದ್ದಳು. ಮುಗಿದ ಮೇಲೆ ಮತ್ತೆ ಕುಟ್ಟುತ್ತಿದ್ದಳು. ಬಿಡಿಸಲು ಒಂದು ದಿನವೂ ಎದ್ದವಳಲ್ಲ.

ಇಂಥ ಮನುಷ್ಯ ಬೆಂಕಿಯ ಮುಂದೆ ಕೂತರೆ ಬೇರೆಯೇ ಆಗಿಬಿಡುತ್ತಿದ್ದ. ಅದನ್ನು ಹೇಳದಿದ್ದರೆ ನಾನೂ ಸುಳ್ಳು ಹೇಳಿದಂತೆ. ನಮ್ಮ ಹೊಲದ ಬದುವಿನಲ್ಲಿ ಕರಿಜಾಲಿ ಮರಗಳಿದ್ದವು. ಬೇಸಿಗೆಯಲ್ಲಿ ಅಪ್ಪ ಅದರ ಕೊಂಬೆ ಕಡಿದು, ಗುಂಡಿಯಲ್ಲಿ ಜೋಡಿಸಿ, ಮೇಲೆ ಹಸಿ ಸೊಪ್ಪು, ಅದರ ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಬೇಯಲು ಬಿಟ್ಟು ಇದ್ದಿಲು ಮಾಡುತ್ತಿದ್ದ. ಅಷ್ಟು ದಿನ ಗುಂಡಿಯ ಪಕ್ಕದಲ್ಲೇ ಮಲಗುತ್ತಿದ್ದ. ತೆಗೆದ ಇದ್ದಿಲನ್ನು ಒಂದಕ್ಕೊಂದು ತಟ್ಟಿ, ಬಳೆಯಂತೆ ಸದ್ದು ಬಂದರೆ ಮಾತ್ರ ಮೂಟೆಗೆ ಹಾಕುತ್ತಿದ್ದ. ಹಿತ್ತಲಲ್ಲಿ ಎರಡು ಸಾಲು ಕಲ್ಲು ಜೋಡಿಸಿ, ನಡುವೆ ಕೆಂಡ ಹರಡಿ, ಆಚಾರಿಯ ಕುಲುಮೆಯಲ್ಲಿ ಮಾಡಿಸಿದ ಉದ್ದನೆಯ ಕಬ್ಬಿಣದ ಕಂಬಿಗಳಿಗೆ ಉಪ್ಪು ಖಾರ ಹಚ್ಚಿದ ಕುರಿಯ ಬಾಡು ಚುಚ್ಚಿ ಸುಡುತ್ತಿದ್ದ. ಉಳಿದ ಬಾಡನ್ನು ಉದ್ದುದ್ದ ಸೀಳಿ, ಅರಿಸಿನ ಸವರಿ, ಮೇಲಿನ ಹಗ್ಗಕ್ಕೆ ನೇತುಹಾಕಿ, ಅದೇ ಕೆಂಡದ ತೆಳು ಹೊಗೆಯಲ್ಲಿ ಒಣಗಿಸುತ್ತಿದ್ದ. ಉಪ್ಪುಕಂಡ ಎನ್ನುತ್ತಿದ್ದೆವು. ಮಳೆಗಾಲದವರೆಗೂ ಕೆಡುತ್ತಿರಲಿಲ್ಲ. ಮೊದಲು ಬೆಂದ ತುಂಡನ್ನು ಊದಿ ಊದಿ ಆರಿಸಿ ನನ್ನ ಬಾಯಿಗೇ ಇಡುತ್ತಿದ್ದ. ಆ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಏನು ಮಾಡಲಿ, ನಾಲಿಗೆಗೆ ನ್ಯಾಯ ಅನ್ಯಾಯ ಗೊತ್ತಾಗುವುದಿಲ್ಲ.

ಯುಗಾದಿಯ ಮಾರನೆಯ ದಿನ ನಮ್ಮಲ್ಲಿ ವರ್ಷದ ತೊಡಕು. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಬಾಡು. ಬೀದಿಯ ಗಂಡಸರೆಲ್ಲ ಸೇರಿ ತೋಪಿನಲ್ಲಿ ಕುರಿ ಕೊಯ್ದು, ಮುತ್ತುಗದ ಎಲೆಯ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬುದು ನಮ್ಮವರ ಗಟ್ಟಿ ನಂಬಿಕೆ. ಅವತ್ತು ಅಳಬಾರದು, ಬೈಯಬಾರದು, ಕೈ ಎತ್ತಬಾರದು. ಅಪ್ಪ ಈ ನಂಬಿಕೆಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದ. ವರ್ಷಕ್ಕೆ ಆ ಒಂದು ದಿನ ಅವ್ವ ತಲೆಯೆತ್ತಿ ಓಡಾಡುತ್ತಿದ್ದಳು. ಅವತ್ತು ಹೊಡೆಯದೆ ಇದ್ದರೂ ವರ್ಷವೆಲ್ಲ ಯಾಕೆ ಹೊಡೆಯುತ್ತಾನೆ ಎಂದು ನಾನೊಮ್ಮೆ ಅಜ್ಜಿಯನ್ನು ಕೇಳಿದ್ದೆ.

"ಮನಸ್ನಲ್ಲಿ ಹೊಡೀತಾನೇ ಇರ್ತಾನಲ್ಲ, ಅದಕ್ಕೆ," ಅಂದಿದ್ದಳು ಅಜ್ಜಿ.

ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗಿನ ಯುಗಾದಿ. ಮಧ್ಯಾಹ್ನ ಒಬ್ಬಟ್ಟು ಉಂಡು ಅಪ್ಪ ಇದ್ದಿಲಿನ ಮೂಟೆಯನ್ನು ಹಿತ್ತಲಿಗೆ ತಂದು, ಬಾಯಿ ಬಿಚ್ಚಿ, ತುಂಡು ಆರಿಸಿ, ಹಾಗೇ ಬಿಟ್ಟು ಇಸ್ಪೀಟಿಗೆ ಹೋದ. ಹೊರಗೆ ಇಟ್ಟದ್ದು ಅವನೇ. ಇದನ್ನು ಎರಡು ಸಲ ಹೇಳುತ್ತೇನೆ, ಹೊರಗೆ ಇಟ್ಟದ್ದು ಅವನೇ. ಅವ್ವ ನಾನು ಇಬ್ಬರೂ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಮೋಡ ಕವಿದು ದಬದಬ ಮಳೆ ಸುರಿಯಿತು. ಓಡಿ ಬರುವಷ್ಟರಲ್ಲಿ ಮೂಟೆಯೊಳಗೆ ನೀರು ನಿಂತಿತ್ತು. ಒಂದು ತುಂಡು ಎತ್ತಿದರೆ ಕರಿ ನೀರು ಸೋರಿತು. ಅವ್ವ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು.

"ನಾಳೆ ತೊಡಕು. ನಾಳೆ ನಿಮ್ಮಪ್ಪ ಏನೂ ಮಾಡಲ್ಲ," ಅಂದಳು. ಮತ್ತೆ ತಾನೇ ಅಂದಳು, "ನಾಡಿದ್ದು ನನ್ನ ಹೆಣ ಬೀಳಿಸ್ತಾನೆ ಕಣೇ."

ಅದರ ಹಿಂದಿನ ವರ್ಷ ಅವಳ ಮುಂಗೈ ಮೂಳೆ ಮುರಿದಿದ್ದು ಇದಕ್ಕಿಂತ ಸಣ್ಣ ಕಾರಣಕ್ಕೆ. ಆ ಕೈ ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಆಗ ಅವ್ವನಿಗೆ ಬಚ್ಚಲ ಹಂಡೆಯ ನೆನಪಾಯಿತು. ಸೌದೆ ಕಡಿಮೆಯಾದಾಗ ಅವಳು ರೈಲು ಹಳಿಯ ಪಕ್ಕದಿಂದ ಇಂಜಿನ್ನು ಕೆಡವಿದ ಇದ್ದಿಲು ಆರಿಸಿ ತಂದು ಹಂಡೆಗೆ ಉರಿ ಹಾಕುತ್ತಿದ್ದಳು. ಬೂದಿಬಣ್ಣದ, ಹಗುರವಾದ, ತೂತುತೂತಿನ ತುಂಡುಗಳು. ಒಮ್ಮೆ ಇಂಜಿನ್ನಿನೊಳಗೆ ಸುಟ್ಟು ಹೊಗೆಯೆಲ್ಲ ಕಳೆದುಕೊಂಡದ್ದರಿಂದ ಅವು ಹೊಗೆಯಿಲ್ಲದೆ ಉರಿಯುತ್ತಿದ್ದವು. ಅಪ್ಪ ಅದನ್ನು ರೈಲುಗಾಡಿಯ ಕಕ್ಕು ಎಂದು ಹಂಗಿಸುತ್ತಿದ್ದ. ಅವ್ವ ನಾಲ್ಕು ತುಂಡನ್ನು ಹೊತ್ತಿಸಿ, ಮೇಲೆ ಒಂದು ಬದನೆಕಾಯಿ ಸುಟ್ಟಳು. ಹಬ್ಬದ ದಿನ ಬಾಡು ಮುಟ್ಟುವಂತಿಲ್ಲವಲ್ಲ, ಪರೀಕ್ಷೆಗೆ ಸಿಕ್ಕದ್ದು ಅದೇ. ಸಿಪ್ಪೆ ಸುಲಿದು ನನಗೊಂದು ಚೂರು ಕೊಟ್ಟು, ನನ್ನ ಮುಖವನ್ನೇ ನೋಡುತ್ತಾ ಕೂತಳು.

"ವಾಸನೆ ಹೊಡೀತದಾ?"

"ಇಲ್ಲವ್ವ."

"ಸರಿಯಾಗಿ ನೋಡಿ ಹೇಳೇ, ತಾಯಿ."

"ಇಲ್ಲ ಕಣವ್ವ, ಚೆನ್ನಾಗದೆ."

ಅವ್ವ ತಾನೂ ತಿಂದಳು. ಅವಳ ಮುಖಕ್ಕೆ ಜೀವ ಬಂತು. ನೆನೆದ ಮೂಟೆಯನ್ನು ಕೊಟ್ಟಿಗೆಯ ಹುಲ್ಲಿನಡಿ ಬಚ್ಚಿಟ್ಟು, ರಾತ್ರಿ ಅಪ್ಪ ಕೇಳಿದಾಗ ಮಳೆಗೆ ಮುಂಚೆಯೇ ಒಳಗೆ ಎತ್ತಿಟ್ಟೆ ಎಂದಳು. ಆದರೆ ಮನೆಯಲ್ಲಿದ್ದ ಹಳಿಯ ಇದ್ದಿಲು ಬಾಡು ಸುಡುವುದಕ್ಕೆ ಸಾಕಾಗುತ್ತಿತ್ತೇ ಹೊರತು ಉಪ್ಪುಕಂಡಕ್ಕೆ ಸಾಲುತ್ತಿರಲಿಲ್ಲ. ಬೆಳಗ್ಗೆ ಅಪ್ಪ ತೋಪಿಗೆ ಹೋದ ಕೂಡಲೇ ನನ್ನ ಕೈಗೆ ಕುಕ್ಕೆ ಕೊಟ್ಟು ಹಳಿಯ ಕಡೆಗೆ ಅಟ್ಟಿದಳು. ಯಾವುದನ್ನು ಆರಿಸಬೇಕು ಎಂದು ಹೇಳಲಿಲ್ಲ. ನನಗೆ ಗೊತ್ತಿದೆ ಎಂದುಕೊಂಡಳು. ಗೊತ್ತಿತ್ತು ಕೂಡ. ಆದರೆ ಅಲ್ಲಿ ಬೂದಿ ತುಂಡುಗಳ ನಡುವೆ ಕಲ್ಲಿದ್ದಲು ಬಿದ್ದಿತ್ತು. ಸುಡದೆ ಉಳಿದ ಹಸೀ ಕಲ್ಲಿದ್ದಲು. ಕರ‍್ರಗೆ, ಭಾರವಾಗಿ, ಎಣ್ಣೆ ಹಚ್ಚಿದ ಜಡೆಯಂತೆ ಹೊಳೆಯುತ್ತಿತ್ತು. ಒಂದಕ್ಕೊಂದು ತಟ್ಟಿದೆ. ಅಪ್ಪನ ಇದ್ದಿಲಿನಂತೆಯೇ ಸದ್ದು ಬಂತು. ನನ್ನ ಖುಷಿ ಹೇಳತೀರದು. ಇದನ್ನು ನೋಡಿದರೆ ಅಪ್ಪನಿಗೆ ಅನುಮಾನವೇ ಬರುವುದಿಲ್ಲ, ಅವ್ವ ಬಚಾವು ಎಂದುಕೊಂಡು ಬೂದಿ ತುಂಡುಗಳನ್ನೆಲ್ಲ ಬಿಸಾಕಿ ಕುಕ್ಕೆಯ ತುಂಬ ಹೊಳೆಯುವುದನ್ನೇ ತುಂಬಿದೆ.

ನಾನು ಬರುವ ಹೊತ್ತಿಗೆ ಅವ್ವ ಕೆಂಡ ಮಾಡಿ ಮೇಲೆ ತೆಳ್ಳಗೆ ಬೂದಿ ಉದುರಿಸಿದ್ದಳು. ಕೆಂಡವಾದ ಮೇಲೆ ಯಾವ ಇದ್ದಿಲು ಎಂದು ಯಾವನಿಗೆ ಗೊತ್ತಾಗುತ್ತದೆ? ಕುಕ್ಕೆಯನ್ನು ಅಲ್ಲೇ ಇಡಲು ಹೇಳಿ ಮುದ್ದೆಗೆ ಎಸರಿಡಲು ಅವ್ವ ಒಳಗೆ ಹೋದಳು. ಕುಕ್ಕೆಯೊಳಗೆ ಇಣುಕಿ ನೋಡಲಿಲ್ಲ. ಅಪ್ಪ ಗುಡ್ಡೆ ಬಾಡು ಹೊತ್ತು, ಜೊತೆಗೆ ಪಕ್ಕದ ಮನೆಯ ಚಿಕ್ಕಣ್ಣನನ್ನು ಕರೆದುಕೊಂಡು ಬಂದ. ಅಜ್ಜಿಯೂ ಕೋಲೂರಿಕೊಂಡು ಹಿತ್ತಲಿಗೆ ಬಂದು ಕೂತಳು. ಮೊದಲ ಸುತ್ತು ಕಂಬಿಗಳು ಬೆಂದವು. ನನ್ನ ಬಾಯಿಗೆ ಒಂದು ತುಂಡು ಬಂತು. ಚಿಕ್ಕಣ್ಣ ಬೆರಳು ನೆಕ್ಕಿಕೊಂಡ.

"ಏನಣ್ಣ ನಿನ್ನ ಕೈ! ಹೋದ ವರ್ಷಕ್ಕಿಂತ ರುಚಿ!"

"ಕೈ ಅಲ್ಲ ಕಣೋ, ಇದ್ಲು. ಜಾಲಿ ಇದ್ಲು ಅಂದ್ರೆ ಸುಮ್ನೆ ಅಂದ್ಕೊಂಡ್ಯಾ?" ಅಂದ ಅಪ್ಪ.

ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನಾನು ನೋಡಿದೆ. ಅವಳು ಹಾಗೆ ನಕ್ಕದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ಅಪ್ಪ ಸೀಳಿದ ಬಾಡನ್ನೆಲ್ಲ ಹಗ್ಗಕ್ಕೆ ನೇತುಹಾಕಿ, ಇನ್ನೊಂದು ಸುತ್ತು ಕಂಬಿ ಇಟ್ಟು, ಕೆಂಡ ಇಳಿದಿದೆ, ಇದ್ಲು ಹಾಕೇ ಎಂದು ಅವ್ವನನ್ನು ಕೂಗಿ, ಕೈ ತೊಳೆಯಲು ಬಚ್ಚಲಿಗೆ ಹೋದ. ಅವ್ವನ ಕೈಯಲ್ಲಿ ಮುದ್ದೆ ಕೋಲಿತ್ತು. ನಾನು ಹಾಕ್ತೀನಿ ಎಂದು ನಾನೇ ಮುನ್ನುಗ್ಗಿ ಕುಕ್ಕೆಯನ್ನು ಕೆಂಡದ ಮೇಲೆ ಸುರಿದೆ. ಚಿಕ್ಕಣ್ಣ ಬೀಸಣಿಗೆ ಬೀಸಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಹಳದಿ ಹೊಗೆ ಎದ್ದಿತು. ರೈಲುಗಾಡಿ ಬಂದು ಹಿತ್ತಲಲ್ಲೇ ನಿಂತಂತೆ. ಗಂಧಕದ ಘಾಟಿಗೆ ಅಜ್ಜಿ ಕೆಮ್ಮಿ ಕೆಮ್ಮಿ ಬಾಗಿದಳು. ಹಗ್ಗದ ಮೇಲಿನ ಬಾಡು ನೋಡನೋಡುತ್ತಾ ಕಪ್ಪಾಯಿತು. ಕಲ್ಲಿದ್ದಲಿನಿಂದ ಟಾರಿನಂತೆ ಏನೋ ಕುದಿದು ಒಸರಿತು. ಅಪ್ಪ ಓಡಿ ಬಂದು ಒಂದು ತುಂಡು ಕಿತ್ತು ಬಾಯಿಗೆ ಹಾಕಿ, ಥೂ ಎಂದು ಚಿಕ್ಕಣ್ಣನ ಕಾಲ ಬಳಿಯೇ ಉಗಿದ. ಇಕ್ಕಳದಿಂದ ಒಂದು ಕಲ್ಲಿದ್ದಲು ಎತ್ತಿ ಹಿಡಿದ.

"ಇದು ಯಾವ ಇದ್ಲು?"

ಇಕ್ಕಳವನ್ನು ಅವ್ವನ ಕಡೆ ಚಾಚಿದ.

"ನನ್ನ ಇದ್ಲು ಎಲ್ಲಿ? ಇದನ್ನ ಹಾಕಿದ್ದು ಯಾರು?"

"ನಾನೇ," ಅಂದಳು ಅವ್ವ. "ನಿಮ್ಮ ಇದ್ಲು ಮಳೇಲಿ ನೆನೆದುಹೋಯ್ತು. ನಾನೇ ಹಾಕ್ದೆ."

ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ನಾನು ಸುರಿದದ್ದನ್ನು ಚಿಕ್ಕಣ್ಣ ಕಣ್ಣಾರೆ ನೋಡಿದ್ದ, ಅವನೂ ನೆಲ ನೋಡಿದ. ಅಪ್ಪನ ಕುತ್ತಿಗೆಯ ನರ ಉಬ್ಬಿತು, ಬಲಗೈ ಮೇಲೆದ್ದಿತು, ಅಲ್ಲೇ ನಿಂತಿತು. ನಿಧಾನವಾಗಿ ಇಳಿಸಿದ. ಆಮೇಲೆ ಮೆತ್ತಗೆ, ನೆಂಟರನ್ನು ಊಟಕ್ಕೆ ಕರೆಯುವವನಂತೆ ಹೇಳಿದ.

"ಇವತ್ತು ತೊಡಕು. ಇವತ್ತು ನಾನೇನೂ ಮಾಡಲ್ಲ. ನಾಳೆ ಬೆಳಗ್ಗೆ ಸ್ನಾನ ಮಾಡ್ಕೊಂಡು ಕೊಟ್ಟಿಗೆಗೆ ಬಾ. ಈಗ ಕೂತ್ಕೊ. ನೀನು ಸುಟ್ಟಿದ್ದು ನೀನೇ ತಿನ್ನು."

ಕಪ್ಪಾದ ತುಂಡುಗಳನ್ನು ಒಂದು ಎಲೆಗೆ ಸುರಿದು ಅವಳ ಮುಂದೆ ತಳ್ಳಿದ. ಅವ್ವ ಕೂತಳು. ತಿಂದಳು. ಅಳುವಂತಿಲ್ಲವಲ್ಲ, ತೊಡಕು. ಒಂದು ತುಂಡು, ಎರಡು, ಮೂರು. ನಾಲ್ಕನೆಯದಕ್ಕೆ ಓಕರಿಕೆ ಬಂತು, ನುಂಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ರೆಪ್ಪೆ ಮಿಟುಕಿಸದೆ ಅದನ್ನು ತಡೆದಳು. ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತುಂಡು ಮುಂದಕ್ಕೆ ಸರಿಸುತ್ತಿದ್ದ. ನಾನು ತಡೆಯಲಾರದೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಪ್ಪನ ಕಣ್ಣು ಆ ಕೈಗಳ ಮೇಲೆ ಬಿತ್ತು. ಮೊಣಕೈವರೆಗೂ ಕಲ್ಲಿದ್ದಲಿನ ಮಸಿ.

"ಓಹೋ," ಅಂದ. ಎದ್ದು ಬಂದು ನನ್ನ ಮುಂಗೈ ಹಿಡಿದು ಕೆಂಡದ ಹತ್ತಿರ ಎಳೆದ. "ಅವ್ವ ಸುಳ್ಳು ಹೇಳ್ತಾಳೆ, ಮಗಳು ನಿಂತು ನೋಡ್ತಾಳೆ. ನೋಡ್ಕೊ, ಇದೇ ಜಾಗ. ನಾಳೆ ನಿಮ್ಮವ್ವಂದು ಮುಗಿದ ಮೇಲೆ ಈ ಕೈನ ಇಲ್ಲಿ ಹಿಡೀತೀನಿ. ನೂರು ಎಣಿಸೋವರೆಗೂ."

ಅಪ್ಪ ಕೊಟ್ಟ ಮಾತಿಗೆ ತಪ್ಪಿದವನಲ್ಲ. ಅದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಲಂಗ ಒದ್ದೆಯಾಯಿತು. ಅವ್ವ ಬಾಯಲ್ಲಿದ್ದದ್ದನ್ನು ಉಗಿದು ಎದ್ದಳು.

"ಅತ್ತೆ," ಅಂದಳು ಅಜ್ಜಿಯ ಕಡೆ ತಿರುಗಿ. "ಇವತ್ತು ಏನು ಮಾಡ್ತೀವೋ ವರ್ಷವೆಲ್ಲ ಅದೇ ಅಲ್ವಾ?"

"ಹೂಂ ಕಣೇ," ಅಂದಳು ಅಜ್ಜಿ, ಏನೂ ಅರ್ಥವಾಗದೆ.

ಅವ್ವ ಬಗ್ಗಿ ಕೆಂಡದ ಮೇಲಿದ್ದ ಒಂದು ಕಂಬಿಯನ್ನು ಸೆರಗಿನಲ್ಲಿ ಹಿಡಿದು ಎಳೆದುಕೊಂಡಳು. ತುದಿ ಕೆಂಪಗಿತ್ತು, ಎರಡು ತುಂಡು ಬಾಡು ಇನ್ನೂ ಅದರಲ್ಲಿ ಸಿಕ್ಕಿಕೊಂಡಿತ್ತು. ನನ್ನನ್ನು ಹಿಡಿದಿದ್ದ ಅಪ್ಪನ ತೋಳಿನ ಮೇಲೆ ಬಾರಿಸಿದಳು. ಚುಂಯ್ ಎಂದಿತು. ಅಪ್ಪ ನನ್ನ ಕೈ ಬಿಟ್ಟು ಕಿರುಚಿದ. ಅವನು ಕಿರುಚಬಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ಎರಡನೆಯದು ಹೆಗಲಿಗೆ ಬಿತ್ತು, ಅಂಗಿ ಸೀದಿತು. ಮೂರನೆಯದು ಮೊಣಕಾಲಿಗೆ. ಅಪ್ಪ ಸಾಲು ಕಲ್ಲಿನ ಮೇಲೆ ಮುಗ್ಗರಿಸಿ ಬಿದ್ದ, ಹಗ್ಗ ಕಿತ್ತು ಕರಿ ಬಾಡೆಲ್ಲ ಅವನ ಮೈಮೇಲೆ ಸುರಿಯಿತು. ಸುಟ್ಟ ಚರ್ಮದ ವಾಸನೆಯೂ ಬಾಡಿನ ವಾಸನೆಯೂ ಒಂದೇ ಎಂದು ಅವತ್ತು ನನಗೆ ತಿಳಿಯಿತು.

"ಮುಟ್ಟೋ ಅವಳನ್ನ!" ಅವ್ವ ಕೂಗಿದಳು. "ಮುಟ್ಟಿ ನೋಡು! ನಿನ್ನ ಕಣ್ಣಿಗೆ ಚುಚ್ತೀನಿ!"

ಹತ್ತು ವರ್ಷ ನೀವು, ತಾವು ಎಂದವಳು. ಆ ಏಕವಚನಕ್ಕೆ ಚಿಕ್ಕಣ್ಣ ಎರಡು ಹೆಜ್ಜೆ ಹಿಂದೆ ಸರಿದ, ಬೇಲಿ ಹಾರಿ ಹೋಗಿಯೇಬಿಟ್ಟ. ಅಪ್ಪ ಒಂದು ಕಲ್ಲು ಹಿಡಿದು ಏಳಲು ನೋಡಿದ. ಆಗ ಅಜ್ಜಿ, ಜನ್ಮದಲ್ಲಿ ಬಿಡಿಸಲು ಏಳದ ಅಜ್ಜಿ, ಕೋಲನ್ನು ಅವನ ಎದೆಗೆ ಅಡ್ಡ ಇಟ್ಟಳು.

"ಕಲ್ಲು ಕೆಳಗಿಡೋ, ಮುಂಡೇಗಂಡ! ಇವತ್ತು ನೀನು ಹೊಡೆದ್ರೆ ವರ್ಷವೆಲ್ಲ ಹೊಡೆದಾಟ, ಮನೇನೇ ಉಳಿಯಲ್ಲ. ಅವಳು ಹೊಡೆದಾಯ್ತು. ಆಗಿದ್ದು ಆಗೋಯ್ತು. ಸುಮ್ನೆ ಬಿದ್ದಿರು."

ಅಪ್ಪ ಕಲ್ಲು ಬಿಟ್ಟ. ಹೆದರಿದ್ದು ಅವ್ವನಿಗೋ, ದಿನಕ್ಕೋ, ಇವತ್ತಿಗೂ ನಾನು ಹೇಳಲಾರೆ. ಅವ್ವ ಕಂಬಿ ಹಿಡಿದೇ ಎಲ್ಲರಿಗೂ ಮುದ್ದೆ ಬಡಿಸಿದಳು. ಅವಳ ಅಂಗೈಯೂ ಸುಟ್ಟು ಬೊಬ್ಬೆ ಎದ್ದಿತ್ತು. ಕಲ್ಲಿದ್ದಲು ತಂದು ಹಾಕಿದ್ದು ನಾನೇ ಎಂದು ಕೊನೆಗೂ ಬಾಯಿಬಿಟ್ಟೆ. ಅವ್ವ ನನ್ನ ಕೆನ್ನೆಗೊಂದು ಬಿಟ್ಟಳು, ಆಮೇಲೆ ತಬ್ಬಿಕೊಂಡಳು. ಆ ಏಟು ಯಾಕೆ ಬಿತ್ತೆಂದು ನಾನು ಕೇಳಲಿಲ್ಲ. ಬೀಳಬೇಕಿತ್ತು.

ಮಾರನೆಯ ದಿನ ಬೆಳಗ್ಗೆ ಅವ್ವ ಸ್ನಾನ ಮಾಡಿ, ಕಂಬಿ ಹಿಡಿದು, ತಾನೇ ಕೊಟ್ಟಿಗೆಗೆ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ಅಪ್ಪ ಜಗುಲಿಯಲ್ಲಿ ತೋಳಿಗೆ ಲೋಳೆಸರ ಸವರಿಕೊಂಡು ಕೂತಿದ್ದವನು ಆ ಕಡೆ ಹೋಗಲಿಲ್ಲ. ಆ ವರ್ಷವೆಲ್ಲ ಹೋಗಲಿಲ್ಲ. ದನಕ್ಕೆ ಹೊಡೆದ, ಗೋಡೆಗೆ ಗುದ್ದಿದ, ಒಮ್ಮೆ ಕೊಡಪಾನ ಎತ್ತಿ ಬಾವಿಗೆ ಎಸೆದ. ಅವ್ವನ ಮೇಲೆ ಕೈ ಎತ್ತಿದಾಗಲೆಲ್ಲ ಒಲೆಯ ಪಕ್ಕದ ಕಂಬಿಯ ಕಡೆ ಕಣ್ಣು ಹೋಗಿ, ವರ್ಷ ಅವಳದು ಎಂಬಂತೆ ಕೈ ಕೆಳಗಿಳಿಯುತ್ತಿತ್ತು. ಮತ್ತೆ ಯುಗಾದಿ ಹತ್ತಿರ ಬಂದಾಗ ನನಗೆ ಜ್ವರವೇ ಬಂತು. ವರ್ಷ ಮುಗಿಯುತ್ತಿದೆಯಲ್ಲ. ತೊಡಕಿನ ಬೆಳಗ್ಗೆ ಅಪ್ಪ ತೋಪಿಗೆ ಹೊರಡುವ ಮುಂಚೆ ಅವ್ವ ಕಂಬಿ ತಂದು, ತಣ್ಣನೆಯದು, ಅವನ ಹೆಗಲಿಗೆ ಒಂದು ಏಟು ಹಾಕಿದಳು. ಜೋರಾಗಿ ಅಲ್ಲ. ಮೆತ್ತಗೂ ಅಲ್ಲ. ಅಪ್ಪ ಹಲ್ಲು ಕಚ್ಚಿಕೊಂಡು ನಿಂತ, ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದ. ಅಲ್ಲಿಂದ ಪ್ರತಿ ತೊಡಕಿಗೂ ನಮ್ಮ ಮನೆಯಲ್ಲಿ ಇದೇ ಮೊದಲ ಶಾಸ್ತ್ರ. ಆಮೇಲೆ ಬಾಡು.

ಅಪ್ಪನ ಕೊನೆಯ ಯುಗಾದಿಗೆ ನಾನು ರಾಜಾಜಿನಗರದ ನನ್ನ ಮನೆಯಿಂದ ಹೋಗಿದ್ದೆ. ಅವನು ಹಾಸಿಗೆ ಹಿಡಿದಿದ್ದ. ತೋಳು ಕಡ್ಡಿಯಾಗಿತ್ತು, ಸುಟ್ಟ ಗುರುತು ಮಾತ್ರ ಅಗಲವಾಗಿ ಕಾಣುತ್ತಿತ್ತು. ಅವ್ವ ಕಾಫಿ ಕುಡಿಸಿ ಎದ್ದು ಹೊರಟಾಗ ಅವನು ಕೂಗಿದ.

"ಏನೇ, ಇವತ್ತು ತೊಡಕಲ್ವಾ?"

"ಹೂಂ. ಅದಕ್ಕೇನೀಗ? ನಿನ್ನ ಕೈಲಿ ಇನ್ನೇನಾಗ್ತದೆ, ಬಿಡು."

"ಕೈಲಿ ಆಗಲ್ಲ," ಅಂದ ಅಪ್ಪ. "ಮನಸ್ನಲ್ಲಿ ಇನ್ನೂ ಅದೆ ಕಣೇ. ಹೊಡಿ."

ಅವ್ವ ಒಳಗೆ ಹೋಗಿ ಕಂಬಿ ತಂದಳು. ಹೊಡೆದಳು. ಅಪ್ಪ ಕಣ್ಣು ಮುಚ್ಚಿ ಮಲಗಿದ.

ಕಂಬಿ ಈಗ ನನ್ನ ಮನೆಯಲ್ಲಿದೆ. ನನ್ನ ಮೈಯಲ್ಲಿರುವುದು ಅಪ್ಪನ ಕೈ. ಇದನ್ನು ನನ್ನ ಮಗಳು ಏಳು ವರ್ಷದವಳಿದ್ದಾಗ, ಅವಳ ತುಟಿ ಒಡೆದ ದಿನ ಒಪ್ಪಿಕೊಂಡೆ. ಸುತ್ತಿ ಬಳಸಿ ಹೇಳುವುದಿಲ್ಲ, ನಾನೇ ಒಡೆದದ್ದು. ಆ ವರ್ಷದ ತೊಡಕಿಗೆ ಕಂಬಿಯನ್ನು ಅವಳ ಪುಟ್ಟ ಕೈಗೆ ಕೊಟ್ಟು, ಅವಳ ಮುಂದೆ ಹೆಗಲು ತಗ್ಗಿಸಿ ಕೂತು, ಹೊಡಿ ಎಂದೆ. ಮಗು ಅಳುತ್ತಾ, ಬೇಡಮ್ಮ ಎಂದಿತು. ಬಿಡಲಿಲ್ಲ. ಈಗ ಅವಳಿಗೂ ತಲೆ ನೆರೆತಿದೆ, ಈಗಲೂ ವರ್ಷಕ್ಕೊಮ್ಮೆ ಬಂದು ಹೊಡೆದು ಹೋಗುತ್ತಾಳೆ.